ಕರಿಬಸಮ್ಮನ ಅರವಟ್ಟಿಗೆಗೆ ಲಾರಿ ನುಗ್ಗಿದ್ದು

ಮಧುಗಿರಿಯಿಂದ ಪಾವಗಡದ ಕಡೆ ಹೊರಟವರಿಗೆ ಊರಾಚೆಯ ಮೊದಲ ಇಳಿಜಾರು ಮುಗಿಯುವಷ್ಟರಲ್ಲಿ ಬಾಯಿ ಒಣಗಿಬಿಡುತ್ತಿತ್ತು. ಅಲ್ಲೇ ತಿರುವಿನಲ್ಲಿ, ಹುಣಸೆಮರದ ಪಕ್ಕ, ತೆಂಗಿನ ಗರಿಯ ಚಪ್ಪರದಡಿ ಕರಿಬಸಮ್ಮ ಕೂತಿರುತ್ತಿದ್ದಳು. ಯುಗಾದಿ ಹಬ್ಬದಿಂದ ಮೊದಲ ಮಳೆಯವರೆಗೆ ದಾರಿಹೋಕರಿಗೆ ನೀರು ಕೊಡುವುದು ಅವಳ ಅರವಟ್ಟಿಗೆಯ ಕೆಲಸ. ನೀರಿಗಿಂತ ಮೊದಲು ಅವಳು ಬೈಗುಳ ಕೊಡುತ್ತಿದ್ದಳು.

"ಇಂಥಾ ಉರಿಬಿಸಿಲಲ್ಲಿ ಹೊಂಟಿದ್ದೀಯಲ್ಲ, ತಲೆ ನೆಟ್ಟಗೈತೇನ್ಲಾ? ಕೂತ್ಕೋ. ಬೆವರಾರ್ಲಿ, ಆಮೇಲೆ ಕುಡೀವಂತೆ."

ಸಿದ್ದರಬೆಟ್ಟಕ್ಕೆ ಹೊರಟ ಭಕ್ತರಾಗಲಿ, ಶಿರಾದಿಂದ ಕಂಬಳಿ ಹೊತ್ತು ಬರುವ ವ್ಯಾಪಾರಿಗಳಾಗಲಿ, ಅಮಲ್ದಾರರ ಕಚೇರಿಯ ಜವಾನನಾಗಲಿ, ಎಲ್ಲರಿಗೂ ಇದೇ ಮರ್ಯಾದೆ. ಬೇರೆ ಅರವಟ್ಟಿಗೆಗಳಲ್ಲಿ ಕೆಲವು ಜಾತಿಯವರಿಗೆಂದು ಬಿದಿರಿನ ದೋಣಿ ಕಟ್ಟಿ ದೂರದಿಂದ ನೀರು ಹರಿಸುತ್ತಿದ್ದರು. ಯಾರೋ ದೊಡ್ಡವರು ಅಂಥದೊಂದನ್ನು ಇವಳ ಚಪ್ಪರಕ್ಕೂ ತಂದು ಕಟ್ಟಿಸಿದ್ದರು. ಇವಳು ಅದನ್ನು ಸೀಳಿ ಒಲೆಗೆ ಇಟ್ಟು, ಅವತ್ತಿನ ಸಾರು ಬಹಳ ರುಚಿಯಾಗಿತ್ತು ಎಂದು ಊರಿಗೆಲ್ಲ ಹೇಳಿಕೊಂಡು ಬಂದಳು. ಅವಳ ಬಾಯಿಗೆ ಹೆದರಿ ಯಾರೂ ಎರಡನೆಯದನ್ನು ತರಲಿಲ್ಲ.

ಈ ಹರಕೆ ಅತ್ತೆ ಚನ್ನಮಲ್ಲಮ್ಮನದು. ಸಾಯುವ ಮುಂಚೆ ಆಕೆ ಸೊಸೆಯ ಕೈಗೆ ಬಾವಿಯ ಹಗ್ಗ ಕೊಟ್ಟು ಎರಡು ಮಾತು ಹೇಳಿದ್ದಳು. ನೀರಿಗೆ ಕಾಸು ಮುಟ್ಟಬಾರದು. ಕೂಲಿ ಕೊಟ್ಟು ನೀರು ಸೇದಿಸಬಾರದು. ಕೂಲಿಯವನು ಸೇದಿದ ನೀರು ಕುಡಿದವನ ದಾಹ ತೀರಿಸುತ್ತದೆ, ಅಷ್ಟೇ. ಅದು ಧರ್ಮದ ನೀರಲ್ಲ ಎಂಬುದು ಆ ಮನೆಯ ನಂಬಿಕೆ. ಕರಿಬಸಮ್ಮನ ಗಂಡ ನಂದೀಶ್ವರಯ್ಯ ಪೇಟೆಯಲ್ಲಿ ವಿಭೂತಿ, ಕರ್ಪೂರ ಮಾರುವ ಸಣ್ಣ ಅಂಗಡಿಯವನು. ಸಾಧು ಮನುಷ್ಯ, ಆದರೆ ಉಬ್ಬಸ. ಒಂದು ಕೊಡ ಎತ್ತಿದರೆ ಒಂದು ಗಂಟೆ ಕೆಮ್ಮುತ್ತಿದ್ದ. ಹೀಗಾಗಿ ಸೇದುವುದು, ಹೊರುವುದು, ಬಾನಿ ತುಂಬುವುದು, ಬೈಯುವುದು ಎಲ್ಲ ಅವಳದೇ. ಅವಳಿಗೆ ಅದರಲ್ಲಿ ಭಾರಿ ಖುಷಿಯೂ ಇತ್ತು.

ಲಾರಿಗಳು ಆ ರಸ್ತೆಗೆ ಹೊಸದಾಗಿ ಬಂದಿದ್ದ ಕಾಲ ಅದು. ವೈ.ಎನ್.ಹೊಸಕೋಟೆಯ ಕಡಲೆಕಾಯಿ ವ್ಯಾಪಾರಿ ಮಲ್ಲಿಕಾರ್ಜುನಯ್ಯನವರ ಲಾರಿ ವಾರಕ್ಕೆರಡು ಸಲ ಮೂಟೆ ಹೇರಿಕೊಂಡು ಮಧುಗಿರಿಗೆ ಬಂದು ಹೋಗುತ್ತಿತ್ತು. ಮೂತಿಯಲ್ಲಿ ಹಬೆ ಉಗುಳುತ್ತಾ ಬಂದು ಅರವಟ್ಟಿಗೆಯ ಮುಂದೆ ನಿಲ್ಲುತ್ತಿತ್ತು. ಡ್ರೈವರ್ ಓಬಳೇಶ ಮೊದಲು ಇಂಜಿನ್ನಿಗೆ ನೀರು ಹೊಯ್ದು ಆಮೇಲೆ ತಾನು ಕುಡಿಯುತ್ತಿದ್ದ. "ನಿನ್ನ ಎತ್ತಿಗೆ ಗಂಟಲು ದೊಡ್ಡದು ಕಣ್ಲಾ" ಎಂದು ಕರಿಬಸಮ್ಮ ಎರಡು ಕೊಡ ಅದಕ್ಕೇ ಎಂದು ತೆಗೆದಿಡುತ್ತಿದ್ದಳು.

ಒಂದು ಮಧ್ಯಾಹ್ನ ಆ ಲಾರಿ ಎಂದಿನಂತೆ ನಿಲ್ಲಲು ಬಂತು, ನಿಲ್ಲಲಿಲ್ಲ. ಬ್ರೇಕು ಹಿಡಿಯದೆ ನೇರ ಚಪ್ಪರಕ್ಕೆ ನುಗ್ಗಿತು. ಬಾನಿಗಳು ಒಡೆದವು, ಚಪ್ಪರ ಕುಸಿಯಿತು, ನಡುಗಂಬ ಕರಿಬಸಮ್ಮನ ಬಲಗಾಲಿನ ಮೇಲೆ ಬಿತ್ತು. ಓಬಳೇಶ ಅಳುತ್ತಾ ಅವಳನ್ನು ಹೊತ್ತು ಆಸ್ಪತ್ರೆಗೆ ತಂದ. ದಾರಿಯುದ್ದಕ್ಕೂ ಅವನನ್ನು ಸಮಾಧಾನ ಮಾಡಿದ್ದು ಅವಳೇ. ಪುಣ್ಯಕ್ಕೆ ಅದೇ ವಾರ ಭರಣಿ ಮಳೆ ಸುರಿದು ಆ ವರ್ಷದ ಹರಕೆ ಉಳಿಯಿತು. ಕಾಲು ಮಾತ್ರ ಉಳಿದೂ ಉಳಿಯದ ಹಾಗಾಯಿತು. ಮೂಳೆ ಓರೆಯಾಗಿ ಕೂಡಿಕೊಂಡು, ಕೋಲಿಲ್ಲದೆ ನಾಲ್ಕು ಹೆಜ್ಜೆ ಇಡುವುದೂ ಕಷ್ಟವಾಯಿತು. ಬಾವಿಯ ಕಟ್ಟೆ ಹತ್ತಿ ನೀರು ಸೇದುವ ಮಾತಂತೂ ದೂರವೇ ಉಳಿಯಿತು.

ಒಂದೆರಡು ದಿನ ಬಂದು ನೀರು ಸೇದಿಕೊಡುವ ನೆರೆಯವರು ಬೇಕಾದಷ್ಟು ಜನ ಇದ್ದರು. ಬೇಸಗೆ ಪೂರ್ತಿ ಬಿಟ್ಟಿ ಸೇದಲು ಯಾರಿಗೆ ಪುರಸೊತ್ತು? ಬರುವ ಯುಗಾದಿಗೆ ಅತ್ತೆಯ ಅರವಟ್ಟಿಗೆ ನಿಂತೇ ಹೋಗುತ್ತದಲ್ಲ ಎಂಬ ಒಂದೇ ಕೊರಗು ಅವಳನ್ನು ತಿನ್ನತೊಡಗಿತು. ಬೈಗುಳ ಕಡಿಮೆಯಾಯಿತು. ನಂದೀಶ್ವರಯ್ಯ ಹೆದರಿದ್ದು ಆಗಲೇ. ಅವನು ಓಡಿ ಹೋಗಿ ವಕೀಲ ಸಂಜೀವಯ್ಯನವರನ್ನು ಹಿಡಿದ. ಮುನ್ಸೀಫ್ ಕೋರ್ಟಿನಲ್ಲಿ ಲಾರಿ ಸಾಹುಕಾರರ ಮೇಲೆ ನಷ್ಟಪರಿಹಾರದ ದಾವೆ ಬಿತ್ತು.

ಸಂಜೀವಯ್ಯನವರು ಒಳ್ಳೆಯವರೇ, ಆದರೆ ಅತಿ ಬುದ್ಧಿವಂತರು. ನಷ್ಟ ಕೇಳಬೇಕಾದರೆ ಸಂಪಾದನೆ ತೋರಿಸಬೇಕು. ಧರ್ಮದ ನೀರಿಗೆ ಸಂಪಾದನೆ ಎಲ್ಲಿಂದ ಬರಬೇಕು? ಅದಕ್ಕೆ ಅರವಟ್ಟಿಗೆಯನ್ನು 'ಪಾನಕದ ಅಂಗಡಿ' ಎಂದು ಬರೆದು, ದಿನಕ್ಕೆ ಇಷ್ಟು ವ್ಯಾಪಾರ ಎಂದೂ ಸೇರಿಸಿದ್ದರು. ಕೇಳಿದರೆ ಹೌದು ಎಂದರೆ ಸಾಕು ಎಂದು ಹೇಳಿಕೊಟ್ಟಿದ್ದರು. ಕರಿಬಸಮ್ಮ ತಲೆಯಾಡಿಸಿದ್ದಳು. ಅವಳ ತಲೆ ಅಷ್ಟು ಸುಲಭವಾಗಿ ಆಡುವುದಲ್ಲ ಎಂದು ಅವರಿಗೆ ತಿಳಿದಿರಲಿಲ್ಲ.

ಯುಗಾದಿಗೆ ಸ್ವಲ್ಪ ಮುಂಚೆ ವಿಚಾರಣೆ ಬಂತು. ಪ್ರತಿವಾದಿಯ ವಕೀಲರು ಎದ್ದು, "ಅಂಗಡಿಯಿಂದ ದಿನಕ್ಕೆ ಎಷ್ಟು ಬರುತ್ತಿತ್ತಮ್ಮ?" ಎಂದು ಕೇಳಿದರು.

"ಅಂಗಡಿನಾ? ಯಾರ ಅಂಗಡಿ?"

"ನಿಮ್ಮದೇ. ಪಾನಕದ ಅಂಗಡಿ."

"ನೀರಿಗೆ ಯಾರಾನಾ ಕಾಸು ಇಸ್ಕಂತಾರಾ ಸ್ವಾಮಿ? ನಮ್ಮತ್ತೆ ಕೇಳಿಸ್ಕಂಡ್ರೆ ಸಮಾಧಿಯಿಂದ ಎದ್ದು ಬಂದ್ಬುಟ್ಟಾರು."

ಸಂಜೀವಯ್ಯನವರು ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸಲು ಅದರಲ್ಲಿ ಏನೂ ಇರಲಿಲ್ಲ. ಎದುರು ವಕೀಲರು, ಆದಾಯವೇ ಇಲ್ಲದ ಮೇಲೆ ನಷ್ಟವೂ ಇಲ್ಲವೆಂದು ಕೈಬೀಸಿ ಕೂತರು. ಮುನ್ಸೀಫರು ವಯಸ್ಸಾದವರು. ಅವರು ಲೇಖನಿ ಕೆಳಗಿಟ್ಟು ಕೇಳಿದರು, "ಹಾಗಾದರೆ ನಿಮಗೆ ಆದ ನಷ್ಟ ಏನಮ್ಮ?"

"ಕಾಲು ಓತು ಸ್ವಾಮಿ. ನಾನು ಕುಂಟ್ಕೊಂಡು ಬದುಕ್ತೀನಿ, ಅದು ಬುಡಿ. ಯುಗಾದಿ ಬಂದೇ ಬುಡ್ತು. ನೀರು ಸೇದೋರು ಯಾರು?"

"ಪರಿಹಾರ ಕೊಡಿಸಿದರೆ ಆಳು ಇಟ್ಟುಕೊಳ್ಳಬಹುದಲ್ಲ?"

"ಕೂಲಿ ಕೈ ನಮ್ಮ ಹಗ್ಗ ಮುಟ್ಟಂಗಿಲ್ಲ. ಅದಕ್ಕೇ ದುಡ್ಡು ತಗೊಂಡು ನಾನೇನು ಮಾಡ್ಲಿ?" ಎಂದವಳು, ಜರಿ ರುಮಾಲು ಸುತ್ತಿ ಬೆಂಚು ತುಂಬ ಕೂತಿದ್ದ ಮಲ್ಲಿಕಾರ್ಜುನಯ್ಯನವರ ಕಡೆ ಕೋಲು ತೋರಿಸಿದಳು. "ಅವರೇ ಬಂದು ಸೇದ್ಲಿ. ಅದು ಕೂಲಿಯಲ್ಲ, ಸಾಲ."

ಕೋರ್ಟು ನಕ್ಕಿತು. ಮುನ್ಸೀಫರು ನಗಲಿಲ್ಲ. ಸಾಹುಕಾರರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ದಾವೆ ಬೆಳೆದರೆ ಬ್ರೇಕಿನ ವಿಷಯ ಹೊರಬರುತ್ತದೆ. ಬೇಸಗೆಯಲ್ಲಿ ಕಡಲೆಕಾಯಿ ವ್ಯಾಪಾರವೂ ಮಂದ. ಹೇಗೂ ಭರಣಿ ಮಳೆಗೆ ಬಿಡುಗಡೆ. ಒಬ್ಬ ಆಳನ್ನು ಕಳಿಸಿದರಾಯಿತು. "ಸರೇ ಸ್ವಾಮಿ, ಒಪ್ಪಿದೆ" ಎಂದುಬಿಟ್ಟರು. ಔಷಧಿಯ ಖರ್ಚು, ಕೋರ್ಟಿನ ಖರ್ಚು ಪ್ರತಿವಾದಿ ಕೊಡುವುದು, ಯುಗಾದಿಯಿಂದ ಮಳೆ ಬರುವವರೆಗೆ ಪ್ರತಿವಾದಿ ಸ್ವತಃ ನೀರು ಸೇದುವುದು ಎಂದು ರಾಜಿ ಬರೆದರು. 'ಸ್ವತಃ' ಎಂಬುದನ್ನು ಹಾಕಿಸಿದ್ದು ಮುನ್ಸೀಫರು.

ಯುಗಾದಿಯ ಹೊತ್ತಿಗೆ ನೆರೆಯವರು ಹೊಸ ಚಪ್ಪರ ಹಾಕಿ ಹೊಸ ಬಾನಿಗಳನ್ನು ಇಟ್ಟಿದ್ದರು. ಹಬ್ಬದ ಬೆಳಿಗ್ಗೆ ಸಾಹುಕಾರರ ಆಳು ಬಂದ. ಕರಿಬಸಮ್ಮ ಅವನಿಗೆ ಬೇವುಬೆಲ್ಲ ಕೊಟ್ಟಳು, ನೀರು ಕುಡಿಸಿದಳು, ಸಂಬಳ ಯಾರು ಕೊಡುತ್ತಾರೆಂದು ಕೇಳಿ ತಿಳಿದುಕೊಂಡಳು, ವಾಪಸು ಕಳಿಸಿದಳು. ಅವತ್ತು ಅವಳೇ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಹಲ್ಲು ಕಚ್ಚಿಕೊಂಡು ಸೇದಿದಳು. ನಂದೀಶ್ವರಯ್ಯ ತಂಬಿಗೆ ತಂಬಿಗೆಯಾಗಿ ಹೊತ್ತು ಕೆಮ್ಮಿದ. ಸುದ್ದಿ ಸಂಜೀವಯ್ಯನವರಿಗೆ ಹೋಯಿತು, ಅವರಿಂದ ಒಂದು ನೋಟೀಸು ಹೊಸಕೋಟೆಗೆ ಹೋಯಿತು. ಮಾರನೆಯ ಸಂಜೆಯ ಬಸ್ಸಿಗೆ ಸಾಹುಕಾರರೇ ಬಂದಿಳಿದರು. ಪೇಟೆಯಲ್ಲಿದ್ದ ಬೀಗರ ಮನೆಯಲ್ಲಿ ಬಿಡಾರ ಮಾಡಿದರು.

ಹೊಸಕೋಟೆಯ ಸಾಹುಕಾರರು ನೀರು ಸೇದುವುದನ್ನು ನೋಡಲು, ಬಾಯಾರಿಕೆ ಇಲ್ಲದವರೂ ಗಾಡಿ ನಿಲ್ಲಿಸುವಂತಾಯಿತು. ಮೊದಮೊದಲು ಅರ್ಧ ನೀರು ಬಾವಿಗೇ ವಾಪಸು ಹೋಗುತ್ತಿತ್ತು. ಅಂಗೈಯಲ್ಲಿ ಬೊಬ್ಬೆಗಳೆದ್ದವು. "ಏಂ ಗ್ರಹಚಾರಮಮ್ಮಾ ಇದು ನಂದು" ಎಂದು ಅವರು ತೆಲುಗು ಕನ್ನಡ ಬೆರೆಸಿ ಗೊಣಗುತ್ತಿದ್ದರು. ಕರಿಬಸಮ್ಮ ಗಿಂಡಿಯಿಂದ ಜನರ ಬೊಗಸೆಗೆ ನೀರು ಹೊಯ್ಯುತ್ತಾ, "ಹಗ್ಗ ಹಿಂಗ್ ಹಿಡೀರಿ, ಹೆಣ್ಣು ನೋಡೋಕೆ ಬಂದೋರಂಗೆ ನಾಚ್ಕಬ್ಯಾಡಿ" ಎಂದು ಕೂತಲ್ಲೇ ಪಾಠ ಹೇಳುತ್ತಿದ್ದಳು. ರಾತ್ರಿ ಹರಳೆಣ್ಣೆ ಹಚ್ಚಿಕೊಳ್ಳಿ ಎಂದು ಒಂದು ಸೀಸೆಯನ್ನೂ ಕೊಟ್ಟಳು. ಅವಳ ಬೈಗುಳ ಮತ್ತೆ ಮೊದಲಿನ ಹದಕ್ಕೆ ಬಂದಿತ್ತು. ನಂದೀಶ್ವರಯ್ಯನಿಗೆ ಅದಕ್ಕಿಂತ ದೊಡ್ಡ ಪರಿಹಾರ ಬೇಕಿರಲಿಲ್ಲ.

ಒಂದು ದಿನ ಅವರದೇ ಲಾರಿ ಹಬೆಯಾಡುತ್ತಾ ಬಂತು. ದೂರದಲ್ಲೇ ಗೇರು ಇಳಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿದ ಓಬಳೇಶ ಯಜಮಾನರ ಕೈಯಲ್ಲಿ ಹಗ್ಗ ನೋಡಿ ಅಲ್ಲೇ ನಿಂತುಬಿಟ್ಟ.

"ಬಾರ್ಲಾ. ನಿನ್ನ ಎತ್ತಿಗೆ ಬಾಯಾರೈತೆ. ಸಾವ್ಕಾರ್ರು ಕೊಡ್ತಾರೆ" ಎಂದಳು ಕರಿಬಸಮ್ಮ.

ಮಲ್ಲಿಕಾರ್ಜುನಯ್ಯನವರು ಎರಡು ಕೊಡ ಸೇದಿ ಇಂಜಿನ್ನಿಗೆ ತಾವೇ ಹೊಯ್ದರು. ಕಲ್ಲನ್ನು ನೋಡಿ, "ಬ್ರೇಕು ಇನ್ನೂ ಸರಿಯಾಗಿಲ್ವಾ?" ಎಂದರು.

"ಹೋದ ವರ್ಷವೇ ತಮಗೆ ಹೇಳಿದ್ದೆ ಸ್ವಾಮಿ. ಮುಂದಿನ ತಿಂಗಳು ನೋಡಾನ ಅಂದಿದ್ರಿ."

ಸಾಹುಕಾರರು ಲಾರಿಯನ್ನು ಅಲ್ಲಿಂದಲೇ ಮಧುಗಿರಿಯ ರಿಪೇರಿ ಮೇಸ್ತ್ರಿಯ ಹತ್ತಿರ ಕಳಿಸಿದರು. ಅವತ್ತು ಅವರು ಒಂದು ಸಲವೂ ಗೊಣಗಲಿಲ್ಲ.

ಭರಣಿ ಬರಿದೇ ಹೋಯಿತು. ಸಾಹುಕಾರರು ದಿನವೂ ಆಕಾಶ ನೋಡಿ ನೋಡಿ ಸೋತರು. ಊರಲ್ಲಿ ಬಿತ್ತನೆ ಬೀಜ ಮಾರುವ ಸಮಯ ಹತ್ತಿರ ಬಂದಿತ್ತು. ಕೃತ್ತಿಕೆಯಲ್ಲಿ ಒಂದು ಮಧ್ಯಾಹ್ನ ಮೋಡ ಕವಿದು ನಾಲ್ಕು ಹನಿ ಉದುರಿತು. ಅವರು ತಕ್ಷಣ ಹಗ್ಗ ಕೆಳಗಿಟ್ಟು ಕೋಟು ಹಾಕಿಕೊಂಡರು.

"ಬಂತಮ್ಮಾ ಮಳೆ. ರಾಜಿ ಮುಗೀತು."

"ಇದು ಮಳೆನಾ? ಚಪ್ಪರದ ಗರಿನೂ ನೆನೆದಿಲ್ಲ. ಹಳ್ಳ ಹರಿದ್ರೆ ಮಳೆ."

"ರಾಜಿಯಲ್ಲಿ ಹಳ್ಳದ ಮಾತೇ ಇಲ್ಲ. ಮಳೆ ಅಂದ್ರೆ ಮಳೆ."

ಇಬ್ಬರೂ ಜೋರಾಗಿಯೇ ವಾದ ಮಾಡಿದರು. ಕೊನೆಗೆ ಅವರು ಚೀಲ ಎತ್ತಿಕೊಂಡು ಪಾವಗಡದ ಬಸ್ಸಿಗಾಗಿ ಹುಣಸೆಮರದ ಆಚೆ ಹೋಗಿ ನಿಂತರು. ಮೋಡ ಸರಿದು ಬಿಸಿಲು ಮೊದಲಿಗಿಂತ ಚುರುಕಾಗಿ ಕಾಯತೊಡಗಿತು. ಬಾನಿಯ ತಳದಲ್ಲಿ ನೀರು ಗಿಂಡಿಗೂ ಸಿಗದಷ್ಟು ಉಳಿದಿತ್ತು. ಅದೇ ಹೊತ್ತಿಗೆ ಶಿರಾದ ಬಳೆಗಾರ್ತಿಯೊಬ್ಬಳು ತಲೆಯ ಮೇಲೆ ಬಳೆಯ ಮಲಾರ ಹೊತ್ತು ಬಂದು, "ಥೋಡಾ ಪಾನಿ ಕೊಡಮ್ಮ" ಎಂದು ಕುಸಿದು ಕೂತಳು. ಕರಿಬಸಮ್ಮ ಕೊಡ ಕಂಕುಳಲ್ಲಿಟ್ಟು, ಕೋಲೂರಿಕೊಂಡು ಬಾವಿಯ ಕಡೆ ಕಾಲೆಳೆದಳು. ಕಟ್ಟೆ ಹತ್ತಲು ಹೋಗಿ ಒಮ್ಮೆ ಜಾರಿದಳು, ಮತ್ತೆ ಕಾಲಿಟ್ಟಳು. ಅವಳಿಗೆ ನೋವಿಗಿಂತ ಸಿಟ್ಟೇ ಹೆಚ್ಚಾಗಿ ಕಣ್ಣಲ್ಲಿ ನೀರು ಬಂದಿತ್ತು.

ಬಸ್ಸು ಬಂತು. ಕಂಡಕ್ಟರ್ ಕರೆದ. ಸಾಹುಕಾರರು ಬಸ್ಸನ್ನು ನೋಡಿದರು, ಬಾವಿಯನ್ನು ನೋಡಿದರು. ಬಸ್ಸು ಹೊರಟು ಹೋಯಿತು. ಅವರು ಬಂದು ಅವಳ ಕೈಯಿಂದ ಹಗ್ಗ ತೆಗೆದುಕೊಂಡರು.

"ಏನೂ ಅನ್ಬೇಡಮ್ಮಾ. ಇದೊಂದು ಕೊಡ."

ಅವಳು ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಆ ಒಂದು ಕೊಡ ರೋಹಿಣಿಯವರೆಗೂ ಮುಗಿಯಲಿಲ್ಲ. ಬೀಜದ ವ್ಯಾಪಾರವನ್ನು ಮಗ ನೋಡಿಕೊಳ್ಳಲಿ ಎಂದು ಹೊಸಕೋಟೆಗೆ ಹೇಳಿ ಕಳಿಸಿ ಅವರು ಇಲ್ಲೇ ಉಳಿದರು. ರೋಹಿಣಿ ಮಳೆ ಗುಡುಗು ಸಿಡಿಲಿನೊಂದಿಗೆ ಬಂದು ಹಳ್ಳ ಹರಿದಾಗ ಇಬ್ಬರೂ ಚಪ್ಪರದಡಿ ನೆನೆಯುತ್ತಾ ನಿಂತು ನಕ್ಕರು.

ರಾಜಿಯಂತೆ ಎಲ್ಲ ತೀರಿತೆಂದು ಕೋರ್ಟಿನಲ್ಲಿ ಹೇಳಬೇಕಿತ್ತು. ಮುನ್ಸೀಫರು ಕೇಳಿದರು, "ಕರಿಬಸಮ್ಮ, ಇವರು ನಿಮಗೆ ಕೊಡಬೇಕಾದ್ದು ಪೂರ್ತಿ ತೀರಿದೆಯೇ?"

"ಕೃತ್ತಿಕೇಲೇ ತೀರ್ತು ಸ್ವಾಮಿ. ನಾಲ್ಕು ಹನಿ ಬಿತ್ತಲ್ಲ, ಅದೂ ಮಳೆನೇ. ನಾನೇ ಹಟ ಮಾಡಿ ಅಲ್ಲ ಅಂದಿದ್ದೆ."

ಸಂಜೀವಯ್ಯನವರ ಕೈ ಮತ್ತೆ ಕನ್ನಡಕಕ್ಕೆ ಹೋಯಿತು. "ಹಾಗಾದರೆ ಆಮೇಲೆ ಸೇದಿದ್ದು?" ಎಂದರು ಮುನ್ಸೀಫರು.

"ಅದು ಸಾಲಕ್ಕೆ ಸೇರಾಕಿಲ್ಲ. ಯಾರೂ ಹೇಳ್ದೆ ಸೇದಿದ್ದು. ಅದರ ಪುಣ್ಯ ನಂದಲ್ಲ, ನಮ್ಮತ್ತೇದೂ ಅಲ್ಲ, ಅವರ್ದು. ಅಂಗೇ ಬರ್ಕಳಿ."

ಪುಣ್ಯ ಬರೆದುಕೊಳ್ಳಲು ಕೋರ್ಟಿನಲ್ಲಿ ಜಾಗ ಇರಲಿಲ್ಲ. ಪೂರ್ತಿ ತೀರಿದೆ ಎಂದಷ್ಟೇ ಮುನ್ಸೀಫರು ಬರೆದರು. ಮಲ್ಲಿಕಾರ್ಜುನಯ್ಯನವರು ರುಮಾಲಿನ ಸೆರಗಿನಿಂದ ಕಣ್ಣೊರೆಸಿಕೊಂಡರು. ಹೊರಗೆ ಬಂದ ಮೇಲೆ ಮೆಟ್ಟಿಲಿಳಿಯಲು ಅವಳಿಗೆ ತೋಳು ಕೊಟ್ಟು ಮೆಲ್ಲಗೆ ಕೇಳಿದರು.

"ಬರೋ ಯುಗಾದಿಗೆ ಎಷ್ಟು ಹೊತ್ತಿಗೆ ಬರ್ಲಮ್ಮಾ?"

"ಹೊತ್ತುಟ್ಟೋಕೆ ಮುಂಚೆ. ತಡ ಮಾಡಿದ್ರೆ ಬೈತೀನಿ" ಎಂದಳು ಕರಿಬಸಮ್ಮ.