ಸೆರಗಿನ ತುದಿಯ ಉಪ್ಪು

ಅವ್ವನ ಸೆರಗಿನ ತುದಿ ಯಾವಾಗಲೂ ಒದ್ದೆಯಾಗಿರುತ್ತಿತ್ತು. ಸೀರೆ ಯಾವುದೇ ಇರಲಿ, ಆ ಒಂದು ಮೂಲೆ ಬಣ್ಣ ಕಳೆದುಕೊಂಡು, ನೂಲು ಬಿಟ್ಟುಕೊಂಡು, ಅಂಚಿನಲ್ಲಿ ಬೆಳ್ಳಗೆ ಕರೆಗಟ್ಟಿರುತ್ತಿತ್ತು. ಬೇರೆ ಹೆಂಗಸರು ಬೀಗದ ಕೈ ಗಂಟು ಹಾಕಿಕೊಳ್ಳುವ ಆ ಜಾಗದಲ್ಲಿ ಅವ್ವ ಒಂದು ಹಿಡಿ ಕಲ್ಲುಪ್ಪು ಕಟ್ಟಿಕೊಳ್ಳುತ್ತಿದ್ದಳು. ಅವಳ ಹಿಂದೆ ಮುಂದೆ ಸುಳಿಯುವ ಕುರಿಗಳಲ್ಲಿ ಯಾವುದೋ ಒಂದು ಆ ಗಂಟನ್ನು ಬಾಯಿಗೆ ಹಾಕಿಕೊಂಡು ಚೀಪುತ್ತಿತ್ತು. ಅವ್ವ ಸೆರಗನ್ನು ಎಳೆದುಕೊಂಡದ್ದನ್ನು ನಾನು ನೋಡಿಲ್ಲ. ಅದು ಬಿಡುವ ತನಕ ನಿಂತಿದ್ದು ಆಮೇಲೆ ನಡೆಯುತ್ತಿದ್ದಳು.

ಮದ್ರಾಸಿನ ತಾಂಬರಂನಲ್ಲಿ ನಮ್ಮದು ಮೊದಲನೇ ಮಹಡಿಯ ಬಾಡಿಗೆ ಮನೆ. ಎದುರುಗಡೆ ಅವ್ವನದು ಎರಡು ಕೋಣೆಯ ಮನೆ, ಪಕ್ಕದಲ್ಲೊಂದು ಖಾಲಿ ಸೈಟು. ಗಂಡ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದನಂತೆ. ಅವನು ತೀರಿಕೊಂಡ ಮೇಲೆ ಅದೇ ರೈಲ್ವೆಯಲ್ಲಿ ಅವಳಿಗೆ ಬೋಗಿ ತೊಳೆಯುವ ಕೆಲಸ ಸಿಕ್ಕಿತು. ನಿವೃತ್ತಿಯಾದ ಮೇಲೆ ಚಿತ್ರದುರ್ಗದ ಕಡೆಯ ತನ್ನ ಊರಿಗೆ ಹೋಗುವ ಬದಲು ಎರಡು ಹೆಣ್ಣು ಕುರಿ ಕೊಂಡು ಇಲ್ಲೇ ಉಳಿದಳು. ನಾವು ಹೋಗುವ ಹೊತ್ತಿಗೆ ಎರಡು ಒಂಬತ್ತಾಗಿದ್ದವು. ಬೀದಿಗೆಲ್ಲ ಅವಳು ‘ಆಟ್ಟುಕ್ಕಾರ ಪಾಟಿ’, ಅಂದರೆ ಕುರಿ ಅಜ್ಜಿ.

ನಾನು ತುಮಕೂರಿನವಳು. ಮದುವೆಯಾಗಿ ಬಂದ ಹೊಸದರಲ್ಲಿ ಅಡ್ಯಾರಿನ ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ ಸಿಕ್ಕಿತ್ತು. ತಮಿಳು ಇನ್ನೂ ನಾಲಿಗೆಗೆ ಹತ್ತಿರಲಿಲ್ಲ. ಒಂದು ಭಾನುವಾರ ಬಟ್ಟೆ ಒಣಹಾಕುತ್ತಿದ್ದಾಗ ಕೆಳಗಿನಿಂದ, “ಬಾರೇ ಕಳ್ಳಿ, ಅಲ್ಲೇನೈತೆ ನಿಂಗೆ?” ಎಂದು ಯಾರೋ ಕೂಗಿದರು. ಕುಣಿಯುವಷ್ಟು ಖುಷಿಯಾಗಿ ಬಗ್ಗಿ ನೋಡಿದೆ. ಆ ಬೀದಿಯಲ್ಲಿ ನಾನು ಕೇಳಿದ ಮೊದಲ ಕನ್ನಡ ಒಂದು ಕುರಿಗೆ ಹೇಳಿದ್ದಾಗಿತ್ತು.

ಕೆಳಗಿಳಿದು ಹೋಗಿ ಪರಿಚಯ ಮಾಡಿಕೊಂಡೆ. ಮೊದಲ ಮಾತಿನಲ್ಲೇ ಎಡವಟ್ಟು. “ನಿಮ್ಮ ಮೇಕೆಗಳು ಚೆನ್ನಾಗಿವೆ ಅಜ್ಜಿ” ಎಂದೆ. ನನ್ನದೇನು ತಪ್ಪು, ಮೈಮೇಲೆ ಉಣ್ಣೆಯೇ ಇಲ್ಲದ, ಕೆಂಪು ಕೂದಲಿನ ಕುರಿಯನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

“ಮೇಕೆನಾ?” ಎಂದು ಅವಳು ಸೊಂಟಕ್ಕೆ ಕೈ ಕೊಟ್ಟಳು. “ಬಾಲ ನೋಡವ್ವ. ಮೇಕೆದು ಮೇಲಕ್ಕೆ, ಕುರಿದು ಕೆಳಕ್ಕೆ. ನಮ್ಮೂರಾಗೆ ಕಂಬಳಿ ಹೊದ್ಕಂಡಿರ್ತಾವೆ, ಈ ಊರ ಸೆಕೆಗೆ ಬರೀ ಅಂಗಿ ಹಾಕ್ಕಂಡಾವೆ. ಅಷ್ಟೇಯ. ಅಜ್ಜಿ ಗಿಜ್ಜಿ ಬ್ಯಾಡ, ಅವ್ವ ಅನ್ನು.”

ಹಾಗೆ ಅವಳು ನನಗೆ ಅವ್ವ ಆದಳು. ನನ್ನ ಅಮ್ಮ ನಾನು ಕಾಲೇಜಿನಲ್ಲಿದ್ದಾಗಲೇ ಹೋಗಿದ್ದಳು.

ಅವ್ವನ ಕುರಿದೊಡ್ಡಿಯನ್ನು ನೋಡಿದರೆ ನಗು ಬರುತ್ತಿತ್ತು. ಯಾರೋ ಮನೆ ಕೆಡವಿದಾಗ ಬಿಸಾಕಿದ ನಾಲ್ಕು ಬಾಗಿಲುಗಳೇ ಗೋಡೆ. ಮೇಲೆ ಚುನಾವಣೆಯ ಫ್ಲೆಕ್ಸು. ನಾಯಕರೊಬ್ಬರು ಕೈಮುಗಿದುಕೊಂಡು ವರ್ಷಗಟ್ಟಲೆ ಕುರಿಗಳ ಕಡೆಗೇ ನೋಡುತ್ತಿದ್ದರು. ಆದರೆ ಒಳಗೆ ನೆಲ ಸದಾ ಒಣಗಿರುತ್ತಿತ್ತು. ಮಳೆ ಬಿದ್ದ ಮಾರನೆಯ ದಿನ ಬಿಸಿಲೇರುವ ತನಕ ಹುಲ್ಲಿಗೆ ಬಿಡುತ್ತಿರಲಿಲ್ಲ. ಒಂದೊಂದರ ಗೊರಸನ್ನೂ ಎತ್ತಿ ನೋಡುತ್ತಿದ್ದಳು. ಸರ್ಕಾರಿ ಪಶುವೈದ್ಯರು ಲಸಿಕೆಗೆ ಬರುವುದು ಒಂದು ದಿನ ತಡವಾದರೆ ತಾನೇ ಆಸ್ಪತ್ರೆಗೆ ಹೋಗಿ ಬಾಗಿಲಲ್ಲಿ ಕೂರುತ್ತಿದ್ದಳು. ಹಾಗಂತ ಮುದ್ದಿಗೆ ಸಾಕಿದವಳಲ್ಲ. ಬಲಿತ ಟಗರುಗಳನ್ನು ಮಾರುತ್ತಿದ್ದಳು. ವಿಭೂತಿ ಹಚ್ಚುವ ಮನೆಯವಳಾದ ನನಗೆ ಅದು ಸಂಕಟ ಎಂದು ತಿಳಿದು ಆ ದಿನ ಮಾತ್ರ, “ಇವತ್ತು ಕೆಳಗೆ ಬರಬ್ಯಾಡ” ಎಂದು ಹೇಳಿ ಕಳಿಸುತ್ತಿದ್ದಳು.

ಆ ಬೀದಿಯಲ್ಲಿ ಕುರಿಗಳಿಗಿದ್ದ ದೊಡ್ಡ ಭಯ ನಾಯಿಗಳದ್ದು. ಖಾಲಿ ಸೈಟುಗಳಿಗೆ ಮೇಯಿಸಲು ಹೊರಟಾಗ ಅವ್ವ ಯಾವತ್ತೂ ಮಂದೆಯ ಹಿಂದೆಯೇ ನಡೆಯುತ್ತಿದ್ದಳು. ಮುಂದೆ ನಿಂತು ದಾರಿ ತೋರಿಸಬಾರದೇ ಎಂದು ಒಮ್ಮೆ ಕೇಳಿದೆ. “ಮುಂದಿಂದಕ್ಕೆ ದಾರಿ ಗೊತ್ತೈತೆ. ನಾಯಿ ಹಿಡಿಯಾದು ಹಿಂದೆ ಉಳಿದಿದ್ನ” ಎಂದಳು. ಆಗ ನಾನು ಅದನ್ನು ಬರೀ ಕುರಿಯ ವಿಷಯ ಎಂದುಕೊಂಡಿದ್ದೆ.

ಎರಡನೇ ವರ್ಷ ನನಗೆ ಮಗಳು ಹುಟ್ಟಿದಳು. ಈಗ ಹೇಳುವುದನ್ನು ನಾನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ, ಗಂಡನಿಗೂ ಪೂರ್ತಿ ಹೇಳಿಲ್ಲ. ಆ ಮಗುವನ್ನು ಕೈಗೆ ಕೊಟ್ಟಾಗ ನನಗೆ ಏನೂ ಅನ್ನಿಸಲಿಲ್ಲ. ಸುಸ್ತಿಗೆ ಹಾಗಾಗಿದೆ, ನಾಳೆ ಸರಿಹೋಗುತ್ತದೆ ಎಂದುಕೊಂಡೆ. ನಾಳೆ ಬಂತು, ತಿಂಗಳು ಬಂತು, ಬರಬೇಕಾದ ಅಕ್ಕರೆ ಬರಲಿಲ್ಲ. ಹೊತ್ತಿಗೆ ಸರಿಯಾಗಿ ಹಾಲು ಕೊಟ್ಟೆ, ನೀರು ಹಾಕಿದೆ, ಬಟ್ಟೆ ಬದಲಿಸಿದೆ. ಆಫೀಸಿನಲ್ಲಿ ಫೈಲು ಮುಗಿಸಿದಂತೆ ಎಲ್ಲ ಮುಗಿಸಿದೆ. ಅದು ಅತ್ತರೆ ಮಾತ್ರ ಕೈಕಾಲು ತಣ್ಣಗಾಗುತ್ತಿತ್ತು. ಬಾಣಂತನಕ್ಕೆ ಬಂದಿದ್ದ ಅತ್ತೆ ಕೆಟ್ಟವರಲ್ಲ, ಆದರೆ ಮಗು ಅತ್ತಾಗಲೆಲ್ಲ, “ಎಂಥ ತಾಯಿಯೇ ನೀನು, ಎದ್ದು ಎತ್ಕೋಬಾರದಾ?” ಎನ್ನುತ್ತಿದ್ದರು. ಮೂರು ತಿಂಗಳಾದ ಮೇಲೆ ಅವರು ಊರಿಗೆ ಹೊರಟರು. ಗಂಡ ಬೆಳಿಗ್ಗೆಯೇ ಬ್ಯಾಂಕಿಗೆ ಹೋಗುತ್ತಿದ್ದರು. ಮನೆಯಲ್ಲಿ ನಾನು ಮತ್ತು ಅದು. ಹೌದು, ಮನಸ್ಸಿನಲ್ಲಿ ನಾನು ಅವಳನ್ನು ‘ಅದು’ ಎನ್ನುತ್ತಿದ್ದೆ.

ಒಂದು ಮಧ್ಯಾಹ್ನ ಮಗು ತೊಟ್ಟಿಲಲ್ಲಿ ಅಳುತ್ತಲೇ ಇತ್ತು. ನಾನು ಎತ್ತಿಕೊಳ್ಳದೆ ಬಾಲ್ಕನಿಗೆ ಹೋಗಿ ಕಂಬಿ ಹಿಡಿದು ನಿಂತೆ. ಕೆಳಗೆ ಕುರಿಗಳ ಬಾನಿಗೆ ನೀರು ತುಂಬುತ್ತಿದ್ದ ಅವ್ವ ತಲೆಯೆತ್ತಿ ನೋಡಿದಳು. ಕೊಡ ಅಲ್ಲೇ ಇಟ್ಟು ಮೆಟ್ಟಿಲು ಹತ್ತಿ ಬಂದಳು. ಕೈಕಾಲು ತೊಳೆದು, ಮಗುವನ್ನು ಎತ್ತಿಕೊಂಡು ಬಂದು ನನ್ನ ಪಕ್ಕ ನಿಂತಳು.

“ಅವ್ವ, ಇದನ್ನ ಕಂಡ್ರೆ ನಂಗೇನೂ ಅನ್ಸಲ್ಲ” ಎಂದೆ. ಬಾಯಿಂದ ಬಂದೇಬಿಟ್ಟಿತು. “ಯಾರಾದ್ರೂ ಕರ್ಕೊಂಡ್ ಹೋದ್ರೂ ಆಯ್ತು ಅನ್ಸುತ್ತೆ.”

ಅವಳು ಬಾಯಿಮೇಲೆ ಕೈಯಿಡುತ್ತಾಳೆ ಎಂದು ಕಾದೆ. “ಆಮಾ” ಎಂದಳು, ತಮಿಳಿನಲ್ಲಿ ಹೌದು ಎನ್ನುವಂತೆ, ಬಹಳ ಸಾಧಾರಣವಾಗಿ. “ಅಂಗೆ ಆಗ್ತೈತೆ. ಕೆಳಗೆ ಬಾ. ಚೊಚ್ಚಲು ಕುರಿ ಈದೈತೆ, ಮರಿ ಬಿಟ್ಕಳ್ತಿಲ್ಲ. ನಂಗೊಂದು ಕೈ ಬೇಕು.”

ದೊಡ್ಡಿಯ ಮೂಲೆಯಲ್ಲಿ ಒಂದು ಬಾಗಿಲನ್ನು ಅಡ್ಡ ಇಟ್ಟು ಇಕ್ಕಟ್ಟಾದ ಜಾಗ ಮಾಡಿದ್ದಳು. ಅದರೊಳಗೆ ಮೊದಲ ಸಲ ಈದ ಎಳೆಯ ಕುರಿ. ನಡುಗುವ ಕಾಲಿನ ಕೆಂಪು ಮರಿ ಕೆಚ್ಚಲ ಕಡೆ ಬಂದಾಗಲೆಲ್ಲ ತಾಯಿ ತಲೆಯಿಂದ ಗುದ್ದಿ ಕೆಡವುತ್ತಿತ್ತು. ಇವತ್ತು ಗಿಣ್ಣುಹಾಲು ಹೊಟ್ಟೆಗೆ ಬೀಳದಿದ್ದರೆ ಮರಿ ಉಳಿಯುವುದಿಲ್ಲ ಎಂದಳು ಅವ್ವ. ಪಕ್ಕದ ಇಸ್ತ್ರಿ ಅಂಗಡಿಯವನು ಕಾಂಪೌಂಡಿನ ಮೇಲಿಂದ ಇಣುಕಿ, “ರೆಂಡು ಪೋಡುಂಗ ಪಾಟಿ, ಸರಿಯಾಯಿಡುಂ” ಎಂದ. ಎರಡು ಬಾರಿಸಿ, ಸರಿಹೋಗುತ್ತದೆ ಎಂದು. ಅವ್ವ ಬಿದ್ದ ಮರಿಯನ್ನು ಎತ್ತಿ ನಿಲ್ಲಿಸಿದಳು. ನನಗೆ ಹೇಳಿದಳು.

“ಹೊಡೀಬಾರದು ಕಣವ್ವ. ಹೊಡೆದ್ರೆ, ಮರಿ ಬಂದಾಗೆಲ್ಲ ಏಟು ಬೀಳ್ತೈತೆ ಅಂತ ತಿಳ್ಕಂತೈತೆ. ಆಮ್ಯಾಕೆ ಜಲ್ಮದಾಗೆ ಹತ್ರ ಬಿಟ್ಕಳಲ್ಲ.”

ನನ್ನ ಮಗುವನ್ನು ಹೊರಸಿನ ಮೇಲೆ ಗೋಣಿಚೀಲ ಹಾಸಿ ಮಲಗಿಸಿದಳು. ಅದು ಅಳು ನಿಲ್ಲಿಸಿ ಫ್ಲೆಕ್ಸಿನ ನಾಯಕರನ್ನು ನೋಡತೊಡಗಿತು. ಅವ್ವ ಸೆರಗಿನ ಗಂಟು ಬಿಚ್ಚಿ, ಒದ್ದೆ ಉಪ್ಪನ್ನು ಅಂಗೈಯಲ್ಲಿ ಪುಡಿ ಮಾಡಿ, ತಾಯಿಯದೇ ನಾಲ್ಕು ಹನಿ ಹಾಲು ಕಲಸಿ ಮರಿಯ ಬೆನ್ನಿಗೆ ಸವರಿದಳು. “ನೀನು ಕತ್ತು ತಬ್ಕ. ಬಿಗಿಯಾಗಲ್ಲ, ನಾನಿದೀನಿ ಅನ್ನಂಗೆ” ಎಂದಳು. ಜನ್ಮದಲ್ಲಿ ಕುರಿ ಮುಟ್ಟಿರದ ನಾನು ಮಂಡಿಯೂರಿ ಅದರ ಕತ್ತು ತಬ್ಬಿಕೊಂಡೆ. ಅದರ ಎದೆ ನನ್ನ ಕೈಯೊಳಗೆ ಡವಡವ ಹೊಡೆದುಕೊಳ್ಳುತ್ತಿತ್ತು.

“ಕೆಟ್ಟದ್ದಲ್ಲ ಅದು” ಎಂದಳು ಅವ್ವ, ಮರಿಯ ಬಾಯಿಯನ್ನು ಕೆಚ್ಚಲಿಗೆ ಹಿಡಿಯುತ್ತ. “ಹೆದರೈತೆ. ಏನೋ ನೋವಾತು, ಏನೋ ಹೊರಗೆ ಬಿತ್ತು, ಈಗ ಅದು ಬಂದು ಮೈಮೇಲೆ ಬೀಳ್ತೈತೆ. ಪಾವಂ, ಅದಕ್ಕೇನು ಗೊತ್ತು?”

ನಾನು ಕುರಿಯ ಕತ್ತಿನಲ್ಲಿ ಮುಖವಿಟ್ಟು ಅತ್ತೆ. ಹೆತ್ತ ಮೇಲೆ ಮೊದಲ ಸಲ ಅತ್ತದ್ದು. ಅವ್ವ ನನ್ನ ಕಡೆ ತಿರುಗಲೇ ಇಲ್ಲ. ಮರಿ ಚಪ್ಪರಿಸುವ ಸದ್ದು ಕೇಳಿದಾಗ, “ಕುಡೀತು” ಎಂದಳು ಅಷ್ಟೇ.

ದಿನಕ್ಕೆ ನಾಲ್ಕು ಸಲ, ಐದು ದಿನ ಹೀಗೆ ಮಾಡಿದೆವು. ಪ್ರತಿ ಸಲ ಮಗುವನ್ನು ಎತ್ತಿಕೊಂಡೇ ಇಳಿಯಬೇಕಿತ್ತು. ಮೊದಲು ಉಪ್ಪಿನ ಆಸೆಗೆ ಮರಿಯ ಬೆನ್ನು ನೆಕ್ಕಿದ ತಾಯಿ ಐದನೇ ದಿನ ಉಪ್ಪಿಲ್ಲದೆಯೂ ನೆಕ್ಕಿತು. ಗಂಟಲೊಳಗೇ ತಗ್ಗಿದ ದನಿಯಲ್ಲಿ ಏನೋ ಅಂದಿತು. “ಕೇಳ್ಸಿತಾ? ಕರೀತೈತೆ” ಎಂದು ಅವ್ವ ಅಡ್ಡಬಾಗಿಲು ತೆಗೆದಳು.

ನನಗೆ ಐದು ದಿನ ಸಾಲಲಿಲ್ಲ. ಅವ್ವ ಅವಸರ ಮಾಡಲಿಲ್ಲ. ದಿನಾ ಮಧ್ಯಾಹ್ನ ಬಂದು ನೆಲದ ಮೇಲೆ ಕಾಲು ಚಾಚಿ ಕೂತು, ಮಗುವನ್ನು ನನ್ನ ಮಡಿಲಿಗೆ ಹಾಕಿ, ನನ್ನ ಕುತ್ತಿಗೆಯ ಹಿಂದೆ ತನ್ನ ಒರಟು ಅಂಗೈ ಇಟ್ಟಿರುತ್ತಿದ್ದಳು. ಬುದ್ಧಿ ಹೇಳುತ್ತಿರಲಿಲ್ಲ. ಡಾಕ್ಟರ ಹತ್ತಿರ ಹೋಗು ಎಂದವಳೂ ಅವಳೇ. “ಕುರಿಗೆ ಡಾಕ್ಟ್ರನ್ನ ಕರೆಸ್ತೀನಿ, ನಿಂಗೆ ಬ್ಯಾಡ್ವಾ?” ಎಂದು ಜೊತೆಗೆ ಬಂದು ಆಸ್ಪತ್ರೆಯ ಬೆಂಚಿನಲ್ಲಿ ಕೂತಳು. ಡಾಕ್ಟರಮ್ಮ ನನ್ನ ಮಾತೆಲ್ಲ ಕೇಳಿಸಿಕೊಂಡು, ಇದಕ್ಕೊಂದು ಹೆಸರಿದೆ, ಔಷಧಿಯೂ ಇದೆ ಎಂದರು. ಗುಳಿಗೆ ತಗೊಂಡೆ.

ರಜೆ ಮುಗಿದು ಆಫೀಸಿಗೆ ಹೊರಟಾಗ ಮಗು ಹಗಲೆಲ್ಲ ಅವ್ವನ ಮನೆಯಲ್ಲಿ ಬೆಳೆಯಿತು. “ಕುರಿದೊಡ್ಡೀಲಿ ಮಗು ಬಿಡ್ತಾರೇನೇ?” ಎಂದು ಅತ್ತೆ ಫೋನಿನಲ್ಲಿ ಹೌಹಾರಿದರು. ಮಗು ಆರಾಮಾಗಿ ಕುರಿಮರಿಗಳ ಜೊತೆ ಪಾಳಿ ಹಚ್ಚಿ ಅವ್ವನ ಸೆರಗು ಚೀಪುತ್ತಿತ್ತು.

ಮಗುವಿಗೆ ಎಂಟು ತಿಂಗಳಾಗಿದ್ದಾಗ ಒಂದು ಸಂಜೆ ಆಫೀಸು ಬಿಟ್ಟು ಗಿಂಡಿಯಲ್ಲಿ ಎಲೆಕ್ಟ್ರಿಕ್ ಟ್ರೈನು ಹತ್ತಿದೆ. ಕ್ರೋಂಪೇಟೆ ದಾಟಿದ ಮೇಲೆ ಟ್ರೈನು ಸಿಗ್ನಲ್ಲಿಗೆ ನಿಂತುಬಿಟ್ಟಿತು. ದಿನಾ ನಿಲ್ಲುವಂಥದ್ದೇ. ಆದರೆ ಆವತ್ತು ನನಗೆ ತಡೆಯಲಾಗಲಿಲ್ಲ. ಅವಳು ಎದ್ದಿರುತ್ತಾಳೆ, ಬಾಗಿಲು ನೋಡುತ್ತಿರುತ್ತಾಳೆ, ಈಗಲೇ ನೋಡಬೇಕು ಎಂದು ಹೊಟ್ಟೆಯೊಳಗಿಂದ ಎದ್ದು ಬಂತು. ತಾಂಬರಂನಲ್ಲಿ ಇಳಿದವಳೇ ಓಡಿದೆ. ಮಾರ್ಕೆಟ್ಟಿನ ಹತ್ತಿರ ಚಪ್ಪಲಿ ಕಿತ್ತುಹೋಯಿತು. ಕೈಯಲ್ಲಿ ಹಿಡಿದು ಓಡಿದೆ. ಬೀದಿಯ ತಿರುವಿನಲ್ಲಿ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದ ಅವ್ವ ನನ್ನ ಅವತಾರವನ್ನು ಮೇಲಿಂದ ಕೆಳಗೆ ನೋಡಿದಳು.

“ಬಂತಾ?” ಎಂದಳು.

“ಬಂತು ಅವ್ವ” ಎಂದೆ. ಮಗಳನ್ನು ಕಸಿದುಕೊಂಡೆ.

ಆಮೇಲಿನ ವರ್ಷಗಳಲ್ಲಿ ನನ್ನನ್ನು ಕಾಡಿದ್ದು ಇನ್ನೊಂದು ಭಯ. ಅವ್ವ ಮಾತುಗಾತಿ. ಬೀದಿಯವರ ಮನೆ ಸುದ್ದಿಯೆಲ್ಲ ಕುರಿ ಮೇಯಿಸುತ್ತ ಊರಿಗೆ ಹಂಚುವವಳು. ಮಗಳು ಶಾಲೆ ಬಿಟ್ಟು ನೇರ ದೊಡ್ಡಿಗೆ ಹೋಗಿ ಅವಳ ಜೊತೆ ಗಂಟೆಗಟ್ಟಲೆ ಹರಟುತ್ತಿದ್ದಳು. ಒಂದು ಕಾಲದಲ್ಲಿ ನಿಮ್ಮಮ್ಮನಿಗೆ ನೀನು ಬೇಡವಾಗಿದ್ದೆ ಎಂಬ ಮಾತು ಮಗಳ ಕಿವಿಗೆ ಬಿದ್ದರೆ? ಹೇಳಬೇಡ ಎಂದು ಅವ್ವನನ್ನು ಬೇಡಿಕೊಳ್ಳಬೇಕೆಂದು ಎಷ್ಟೋ ಸಲ ಕೆಳಗಿಳಿದೆ. ಕೇಳಲು ಬಾಯಿ ಬರದೆ, ಉಪ್ಪು ಖಾಲಿಯಾಗಿದೆಯಾ ಅವ್ವ, ತಂದುಕೊಡಲಾ ಎಂದು ಏನೋ ಕೇಳಿ ವಾಪಸ್ಸಾದೆ.

ಹೋದ ವರ್ಷ ಅವ್ವ ತೀರಿಕೊಂಡಳು. ಎರಡು ತಿಂಗಳ ಮೊದಲೇ ಅವಳಿಗೆ ಗೊತ್ತಾಗಿತ್ತೇನೋ, ಪಡಪ್ಪೈ ಕಡೆಯ ಕುರಿಗಾರನೊಬ್ಬನನ್ನು ಕರೆಸಿ ಮಂದೆಯನ್ನು ಒಪ್ಪಿಸಿದಳು. ಅವನು ಮಂದೆಯ ಮುಂದೆ ನಿಂತು ಹೊರಟಾಗ ಹೊರಸಿನ ಮೇಲಿಂದಲೇ ಗದರಿ ಮಂದೆಯ ಹಿಂದಕ್ಕೆ ಕಳಿಸಿದಳು. ಅವನು ಹಿಂದೆ ಬಂದ ಮೇಲೆಯೇ ಕುರಿಗಳ ಮೇಲಿನ ಕಣ್ಣು ತೆಗೆದಳು.

ಸಂಬಂಧಿಕರು ಬಂದು ಅವಳಿಗೆ ಹೊಸ ಸೀರೆ ಉಡಿಸಿ ಮಲಗಿಸಿದ್ದರು. ಸೆರಗು ಗರಿಗರಿಯಾಗಿ, ತುದಿಯವರೆಗೂ ಒಣಗಿತ್ತು. ಅದನ್ನು ನೋಡಲು ನನ್ನಿಂದಾಗಲಿಲ್ಲ. ಮೇಲೆ ಹೋಗಿ ಅಡುಗೆಮನೆಯಿಂದ ಒಂದು ಹಿಡಿ ಕಲ್ಲುಪ್ಪು ತಂದು ಆ ತುದಿಗೆ ಗಂಟು ಹಾಕಿದೆ. ಬೀದಿಯವರು ಅದು ನಮ್ಮ ಕನ್ನಡದವರ ಶಾಸ್ತ್ರ ಎಂದುಕೊಂಡು ದಾರಿ ಬಿಟ್ಟರು. ಚಿತ್ರದುರ್ಗದಿಂದ ಬಂದಿದ್ದವರು ಅದು ಮದ್ರಾಸಿನ ಶಾಸ್ತ್ರ ಎಂದುಕೊಂಡರು. ಒಂಬತ್ತು ವರ್ಷದ ಮಗಳು ಮಾತ್ರ ಬಗ್ಗಿ ಗಂಟನ್ನು ಇನ್ನೊಮ್ಮೆ ಬಿಗಿ ಮಾಡಿದಳು.

ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡು ಕೂತೆವು. ಮಗಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ಅವ್ವ ನಮಗೆ ಎಷ್ಟು ಮಾಡಿದಳು ಗೊತ್ತಾ, ನೀನು ಚಿಕ್ಕವಳಿದ್ದಾಗ ಎಂದು ಶುರು ಮಾಡಿದವಳು ಮುಂದೆ ಹೇಳಲಾಗದೆ ನಿಲ್ಲಿಸಿದೆ.

“ತೆರಿಯುಂ ಮಾ” ಎಂದಳು. ಗೊತ್ತು. “ಪಾಟಿ ಎಪ್ಪವೋ ಸೊಲ್ಲಿಟ್ಟಾಂಗ.” ಅಜ್ಜಿ ಯಾವಾಗಲೋ ಹೇಳಿದ್ದಾರೆ.

ನನ್ನ ಕೈಕಾಲು ಆ ಹಳೆಯ ದಿನಗಳ ಹಾಗೆ ತಣ್ಣಗಾಯಿತು. “ಏನಂತ ಹೇಳಿದ್ರು?”

“ನಾ ಪೊರಂದಪ್ಪೋ ನೀ ರೊಂಬ ಬಯಂದುಟ್ಟಿಯಾಮ್.” ನಾನು ಹುಟ್ಟಿದಾಗ ನೀನು ತುಂಬಾ ಹೆದರಿಬಿಟ್ಟಿದ್ದೆಯಂತೆ. ಮೊದಲನೇ ಸಲ ಎಲ್ಲರಿಗೂ ಹಾಗೇ ಆಗುತ್ತದಂತೆ.

“ಅಷ್ಟೇನಾ?”

ಅವಳು ಒದ್ದೆ ಕೂದಲನ್ನು ಹಿಂದಕ್ಕೆ ಹಾಕಿಕೊಂಡಳು. ಆಶ್ಚರ್ಯಕ್ಕೆ, ಕನ್ನಡದಲ್ಲೇ ಹೇಳಿದಳು. ಬಹುಶಃ ಅವ್ವನಿಂದ ಎಷ್ಟು ಸಲ ಕೇಳಿದ್ದಳೋ, ಆ ಮಾತು ಅವ್ವನ ಭಾಷೆಯಲ್ಲೇ ಅವಳಿಗೆ ಬಾಯಿಪಾಠವಾಗಿತ್ತು.

“ಆಮ್ಯಾಕೆ ನಿಮ್ಮವ್ವ ಟೇಸನ್ನಿಂದ ಓಡಿ ಬಂದ್ಲು ಕಣವ್ವ, ನಿನ್ನ ಎತ್ಕಳಾಕೆ. ಚಪ್ಲಿ ಕೈಯಾಗಿಟ್ಕಂಡು.”