ರಫೂ ಅಕ್ಕನ ಕಣ್ಣಿನ ಪೊರೆ

ಬೆಳಕು ಹರಿಯುತ್ತಿದ್ದಂತೆ ರಫೂ ಅಕ್ಕನ ಸ್ಟೂಲು ಸಂಚಾರ ಹೊರಡುತ್ತದೆ. ಮೊದಲು ಕಿಟಕಿಯ ಬಳಿ, ಆಮೇಲೆ ಹೊಸ್ತಿಲಿಗೆ, ಅಲ್ಲಿಂದ ಫುಟ್‌ಪಾತಿಗೆ. ಬೆಳಕು ಕಮ್ಮಿಯಾದರೆ ಬಟ್ಟೆಯ ಎಳೆ ಕಾಣದು, ಬಿಸಿಲೇರಿದರೆ ಕಣ್ಣು ಕುಕ್ಕುತ್ತದೆ. ನಡುವೆ ಸಿಗುವ ಒಂದಿಷ್ಟು ಹೊತ್ತಿಗಾಗಿ ಈ ಪರದಾಟ. "ಒಂದ್ ಕಡೆ ಕೂರೇ, ನೋಡಿ ನೋಡಿ ನಂಗೇ ತಲೆ ತಿರುಗ್ತಿದೆ" ಎಂದು ಒಳಗಿನಿಂದ ಗಂಡ ರೇಗಿಸುತ್ತಾರೆ.

ಸಿಗರೇಟಿನ ಕಿಡಿಗೆ ಸುಟ್ಟ ಕೋಟು, ನುಸಿ ತಿಂದ ಶಾಲು, ಮೊಳೆಗೆ ಸಿಕ್ಕ ಪ್ಯಾಂಟು, ಎಲ್ಲಕ್ಕೂ ಅಕ್ಕನೇ ಗತಿ. ಬಟ್ಟೆಯ ಒಳಮಡಿಕೆಯಿಂದಲೇ ಎಳೆ ಬಿಡಿಸಿಕೊಂಡು, ಸೂಜಿಯಲ್ಲೇ ನೇಯ್ದು ತೂತು ಮುಚ್ಚುತ್ತಾರೆ. ಇದೇ ರಫೂ, ಸೋದರತ್ತೆ ಕಲಿಸಿದ ವಿದ್ಯೆ. ಕೆಲಸ ಮುಗಿದ ಬಟ್ಟೆಯನ್ನು ಗಿರಾಕಿಯ ಮುಂದೆ ಹರಡಿ, "ತೂತು ಎಲ್ಲಿತ್ತು, ತೋರ್ಸಿ ನೋಡೋಣ" ಎನ್ನುವುದು ಇವರ ಪದ್ಧತಿ. ಗಿರಾಕಿ ತಡಕಾಡಿ ಸೋತರೆ ಅಕ್ಕನಿಗೆ ಎಲ್ಲಿಲ್ಲದ ಖುಷಿ.

ಕಣ್ಣಿಗೆ ಪೊರೆ ಬಂದಿದೆ ಎಂದು ಡಾಕ್ಟರಮ್ಮ ಹೇಳಿ ಬಹಳ ಕಾಲವಾಯಿತು. ಅಕ್ಕ ಕಿವಿಗೆ ಹಾಕಿಕೊಳ್ಳಲಿಲ್ಲ. "ಇನ್ನೂ ಬಲಿತಿಲ್ಲ, ಬಲೀಲಿ ಬಿಡಿ" ಎಂಬುದೊಂದು ನೆಪ. ದೀಪದ ಸುತ್ತ ಬಳೆಯಂತೆ ಬೆಳಕು ಕಂಡರೆ ಬಲ್ಬಿಗೆ ಬೈದರು, ದಾರದ ಬಣ್ಣ ಮಂಕಾಗಿ ಕಂಡರೆ ಮಿಲ್ಲಿನವರಿಗೆ ಬೈದರು.

"ಬಲಿಯೋ ತನಕ ಕಾಯೋಕೆ ಇದೇನು ಮಾವಿನಕಾಯಾ? ನಿಮ್ಮ ಕೆಲಸಕ್ಕೆ ಯಾವತ್ತು ತೊಂದ್ರೆ ಆಗುತ್ತೋ ಅವತ್ತೇ ಸಮಯ" ಎಂದಿದ್ದರು ಡಾಕ್ಟರಮ್ಮ. "ನನ್ನ ಕೆಲಸಕ್ಕೇನಾಗಿದೆ?" ಎಂದು ಅಕ್ಕ ಸಿಡಿಮಿಡಿಗೊಂಡು ಎದ್ದು ಬಂದಿದ್ದರು.

ಹೋದ ವಾರ ಮೇಷ್ಟರೊಬ್ಬರು ತಮ್ಮ ಕಡುನೀಲಿ ಕೋಟು ಒಯ್ಯಲು ಬಂದರು. ಒಳಮಡಿಕೆಯಲ್ಲಿ ಎಳೆ ಸಿಗದೆ ಅಕ್ಕ ಡಬ್ಬಿಯ ದಾರ ಬಳಸಿದ್ದರು. ಎಂದಿನಂತೆ ಕೋಟು ಹರಡಿ ಕೇಳಿದರು. ಮೇಷ್ಟರು ಸೀದಾ ತೋಳಿನ ಮೇಲೆ ಬೆರಳಿಟ್ಟರು. "ಇಲ್ಲಿ ಅಲ್ವಾ? ಕಪ್ಪು ದಾರ ಎದ್ದು ಕಾಣ್ತಿದೆ. ಪರವಾಗಿಲ್ಲ ಬಿಡಿ."

ಅಕ್ಕ ಕೋಟನ್ನು ಬೀದಿಗೆ ತಂದು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅವರ ಕಣ್ಣಿಗೆ ಆ ದಾರ ನೀಲಿಯೇ. ನಾಚಿಕೆಯಿಂದ ಹಿಡಿಯಷ್ಟಾದರು. ಅಂದೇ ಆಸ್ಪತ್ರೆಗೆ ಹೋಗಿ ದಿನ ಗೊತ್ತುಮಾಡಿಕೊಂಡು ಬಂದರು.

ನಾಳೆ ಆಪರೇಷನ್. ಅಕ್ಕನಿಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಭಯವೇ ಎಂದು ಕೇಳಿದರೆ ಅಲ್ಲವೆಂದು ತಲೆಯಾಡಿಸುತ್ತಾರೆ. "ಕಣ್ಣಿನ ಯೋಚನೆ ಅಲ್ಲ. ಇಷ್ಟು ದಿನ ಇನ್ನೆಷ್ಟು ಜನ ಹೀಗೇ ಪರವಾಗಿಲ್ಲ ಅಂತ ಸುಮ್ನೆ ಹೋದ್ರೋ! ಆ ಬಟ್ಟೆಗಳನ್ನೆಲ್ಲಾ ಹಾಕ್ಕೊಂಡು ಊರ್ ತುಂಬಾ ಓಡಾಡ್ತಿದ್ದಾರೆ. ಕಣ್ಣು ಸರಿಹೋಗ್ಲಿ, ಕಂಡೋರನ್ನೆಲ್ಲಾ ನಿಲ್ಸಿ, ಬಿಚ್ಚಿ ಕೊಡಿ, ಮತ್ತೆ ಮಾಡ್ಕೊಡ್ತೀನಿ ಅಂತೀನಿ."

"ನಡುಬೀದೀಲಾ?" ಒಳಗಿನಿಂದ ಗಂಡ ಕೇಳುತ್ತಾರೆ.

"ಕೋಟಾದ್ರೆ ಅಲ್ಲೇ" ಎನ್ನುತ್ತಾರೆ ಅಕ್ಕ, ನಗದೆ. "ಪ್ಯಾಂಟಾದ್ರೆ ಮನೆಗೆ ಬರ್ಲಿ."