ಬಂಗುಡೆಯಂತೆ ಆರಿಸಿದ ರೆಕ್ಕೆಗಳು

ದುಂಬಿಯ ರೆಕ್ಕೆಯನ್ನು ಅಜ್ಜಿ ಬಂಗುಡೆ ಮೀನು ಮಾಡಿದರು ಎಂದು ನೀವು ಈಗಲೂ ನಗುತ್ತೀರಿ. ನಗಿ ಮಕ್ಕಳೇ. ನನಗೆ ಮಾತ್ರ ನಗು ಬರುವುದಿಲ್ಲ.

ನಿಮ್ಮ ದೊಡ್ಡಕ್ಕ ಆಗ ಮಣಿಪಾಲದಲ್ಲಿ ಓದುತ್ತಿದ್ದಳು. ಬಜಗೋಳಿ ಕಡೆಯ ದನ ಮೇಯುವ ಗುಡ್ಡೆಗಳಿಂದ ಸೆಗಣಿ ದುಂಬಿಗಳನ್ನು ತಂದಿದ್ದಳು. ಎರಡು ಜಾತಿ, ನೋಡಲು ಅಕ್ಕತಂಗಿಯರ ಹಾಗೆ. ಬೆನ್ನಿನ ಗೀರು ನೋಡಿ ಮಾತ್ರ ಬೇರೆ ಬೇರೆ ಎಂದು ತಿಳಿಯುತ್ತದಂತೆ. ಗಟ್ಟಿ ಚಿಪ್ಪಿನಡಿ ಮಡಚಿಕೊಂಡಿರುವ ತೆಳು ರೆಕ್ಕೆಗಳನ್ನು ಕಿತ್ತು, ಬಿಡಿಸಿ, ಕಾಪುವಿನ ನಮ್ಮ ಚಾವಡಿಯ ಮೇಜಿನ ಮೇಲೆ, ಜಾತಿಗೊಂದು ಬಿಳಿ ಹಾಳೆಯಲ್ಲಿ ಒಣಗಲು ಇಟ್ಟಿದ್ದಳು. ರೆಕ್ಕೆಯ ಆಕಾರದಲ್ಲೂ ಏನಾದರೂ ವ್ಯತ್ಯಾಸವಿದೆಯೇ ಎಂದು ಅಳೆದು ಸೋಮವಾರ ಕಾಲೇಜಿನಲ್ಲಿ ಹೇಳಬೇಕಿತ್ತು.

ಅವಳು ಸ್ನಾನಕ್ಕೆ ಹೋದಾಗ, ಸೆಖೆ ಎಂದು ನಾನು ಫ್ಯಾನ್ ಹಾಕಿದೆ. ರೆಕ್ಕೆಗಳೆಲ್ಲ ಹಾರಿ ನೆಲಕ್ಕೆ ಬಿದ್ದವು. ಕೂಗಿ ಕರೆಯಬಹುದಿತ್ತು. ನಾಚಿಕೆಯಾಯಿತು. ಫ್ಯಾನ್ ನಿಲ್ಲಿಸಿ, ಅವಳು ಬರುವುದರೊಳಗೆ ಸರಿ ಮಾಡೋಣವೆಂದು ಕುಳಿತೆ. ನಿಮ್ಮ ಅಜ್ಜ ಇದ್ದಷ್ಟು ಕಾಲ ಅವರ ದೋಣಿಯ ಮೀನು ಗಾತ್ರ ನೋಡಿ ಆರಿಸಿದ ಕೈ ಇದು. ದೊಡ್ಡದೆಲ್ಲ ಒಂದು ಹಾಳೆಗೆ, ಸಣ್ಣದೆಲ್ಲ ಇನ್ನೊಂದಕ್ಕೆ. ನನ್ನ ಕಣ್ಣಿಗೆ ಚಂದವೇ ಕಂಡಿತು.

"ಅಜ್ಜಿ, ಎಂತ ಮಾಡಿದ್ದು ಇದು?"

"ಫ್ಯಾನ್ ಹಾಕಿದೆ, ಹಾರಿ ಬಿದ್ದಿತ್ತು ಮಗಾ. ಬೇರೆ ಬೇರೆ ಮಾಡಿಟ್ಟೆ."

ಅವಳು ಹಾಳೆಯ ಮೇಲೆ ಬಗ್ಗಿದಳು. "ಇದೆಂತ ಬಂಗುಡೆಯಾ ಅಜ್ಜಿ? ಒಂದೇ ಜಾತಿಯಲ್ಲಿ ದೊಡ್ಡದೂ ಉಂಟು, ಸಣ್ಣದೂ ಉಂಟು. ಮರಿ ಇದ್ದಾಗ ತಿನ್ಲಿಕ್ಕೆ ಕಡಿಮೆ ಸಿಕ್ಕಿದ್ರೆ ಸಣ್ಣ ಆಗ್ತದೆ."

"ಹಾಗಾದ್ರೆ ಆಕಾರ ನೋಡಿ ಪುನಃ ಬೇರೆ ಮಾಡು."

"ನಾನೇ ಆಕಾರ ನೋಡಿ ಬೇರೆ ಮಾಡಿ, ಮತ್ತೆ ಆಕಾರ ಬೇರೆ ಉಂಟು ಅಂತ ಹೇಳಿದ್ರೆ ಅದು ಮೋಸ ಅಲ್ವಾ?"

ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವಳು ಫೋನಿನಲ್ಲಿ ಕಾಲೇಜಿನ ಮೇಡಂಗೆ, "ನಾನೇ ಫ್ಯಾನ್ ಹಾಕಿದ್ದು ಮೇಡಂ, ಎಲ್ಲ ಬೆರೆತುಹೋಯಿತು" ಎಂದಳು. ಪಕ್ಕದಲ್ಲೇ ನಿಂತಿದ್ದೆ. ಅಲ್ಲ, ಹಾಕಿದ್ದು ನಾನು ಎನ್ನಲು ಬಾಯಿ ಬರಲಿಲ್ಲ. ಸೋಮವಾರ ಬರಿಗೈಯಲ್ಲಿ ಹೋಗಿ ಬೈಸಿಕೊಂಡು ಬಂದಳು.

ಮುಂದಿನ ವಾರ ಮತ್ತೆ ಬಜಗೋಳಿಗೆ ಹೋಗಿ ಡಬ್ಬಿಯಲ್ಲಿ ಬೇರೆ ದುಂಬಿಗಳನ್ನು ತಂದಳು. ಒಳಗಿನಿಂದ ಪರಪರ ಕೆರೆಯುವ ಸದ್ದು. ನನ್ನಿಂದಾಗಿ ಇವೂ ಸಾಯಬೇಕು. ಎಷ್ಟು ಮೀನು ಕೊಯ್ದಿದ್ದೇನೆ, ಎಂದೂ ಹೀಗೆ ಅನಿಸಿರಲಿಲ್ಲ.

ಆ ರೆಕ್ಕೆಗಳು ಒಣಗಿ, ಅವಳು ಅಳೆದು ಮುಗಿಸುವವರೆಗೂ ಫ್ಯಾನ್ ಹಾಕದೆ, ಬೆವರುತ್ತಾ ಚಾವಡಿಯಲ್ಲೇ ಕುಳಿತಿದ್ದೆ. "ಒಳಗೆ ಹೋಗಿ ಫ್ಯಾನಿನಡಿ ಮಲಗಿ ಅಜ್ಜಿ" ಎಂದಳು. ಹೋಗಲಿಲ್ಲ.